ಪರದೇಶ ವಾಣಿಜ್ಯಕ್ಕೆ ಅನುಮತಿ: ಅಭಯಶಾಸನದಿಂದ ವೀಸಾ ಅರ್ಜಿಯವರೆಗೆ

ನಮ್ಮ ಸಮಾಜದ ಮನೆಗಳಲ್ಲಿ ಈಗ ಮದುವೆಯ ಮಾತಿನಷ್ಟೇ ಸಹಜವಾಗಿ ವೀಸಾದ ಮಾತು ನಡೆಯುತ್ತದೆ. ಓದಲು ಹೋಗುವವರ, ನೌಕರಿಗೆ ಹೋಗುವವರ ಸಂಗತಿ ಹಾಗಿರಲಿ; ಹೊರದೇಶದಲ್ಲಿ ಅಂಗಡಿಯನ್ನೋ ಕಾರಖಾನೆಯನ್ನೋ ಸ್ವಂತವಾಗಿ ತೆರೆಯಬೇಕೆಂದು ಬಯಸುವ ತರುಣರೂ ಅನೇಕರಿದ್ದಾರೆ. ಅದಕ್ಕೆ ಬೇಕಾದ ಅರ್ಜಿಯನ್ನು ಮಧ್ಯವರ್ತಿಯ ಕೈಗೆ ಒಪ್ಪಿಸಿ, ಆತ ತೋರಿಸಿದ ಕಡೆಯಲ್ಲೆಲ್ಲ ರುಜು ಮಾಡಿ, ಫಲಕ್ಕಾಗಿ ಕಾಯುವುದು ವಾಡಿಕೆಯಾಗಿದೆ. ಅರ್ಜಿಯೆಂಬುದು ಒಂದು ಕಾಗದದ ಕೆಲಸ, ಅದಕ್ಕೂ ವ್ರತಕ್ಕೂ ಸಂಬಂಧವೇನು ಎಂದು ಕೇಳುವವರೂ ಉಂಟು. ಸಂಬಂಧವಿದೆ ಎಂಬುದು ನನ್ನ ಅಭಿಪ್ರಾಯ. ಪರದೇಶದಲ್ಲಿ ವಾಣಿಜ್ಯ ನಡೆಸಲು ಬೇಕಾಗುವ ಅನುಮತಿಯು ಮೂಲತಃ ಒಂದು ಮಾತು. ಆ ಮಾತನ್ನು ಯಾರು ಯಾರಿಗೆ ಕೊಡುತ್ತಾರೆಂಬುದು ಕಾಲಕಾಲಕ್ಕೆ ಬದಲಾಗಿದೆ. ಆ ಬದಲಾವಣೆಯ ಚರಿತ್ರೆಯನ್ನು ಸ್ಥೂಲವಾಗಿ ನೋಡುವುದು ಈ ಲೇಖನದ ಉದ್ದೇಶ.

ಮೊದಲ ಅನುಮತಿಯನ್ನು ಶ್ರಾವಕನು ತನ್ನಿಂದ ತಾನೇ ಪಡೆಯಬೇಕಾಗಿತ್ತು. ಮೂರು ಗುಣವ್ರತಗಳಲ್ಲಿ ಮೊದಲನೆಯದಾದ ದಿಗ್ವ್ರತವು ಇದನ್ನೇ ಕುರಿತದ್ದು. ಇಂಥ ನದಿಯಿಂದಾಚೆಗೆ, ಇಂಥ ಪರ್ವತದಿಂದಾಚೆಗೆ, ಇಷ್ಟು ಯೋಜನದಿಂದಾಚೆಗೆ ನಾನು ಹೋಗುವುದಿಲ್ಲ ಎಂದು ಗೃಹಸ್ಥನು ಹತ್ತು ದಿಕ್ಕುಗಳಿಗೂ ಎಲ್ಲೆ ಕಟ್ಟಿಕೊಳ್ಳುವುದು. ಆ ಎಲ್ಲೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದನ್ನು ಕ್ಷೇತ್ರವೃದ್ಧಿ ಎಂಬ ಅತಿಚಾರವೆಂದು ಶಾಸ್ತ್ರವು ಹೆಸರಿಸಿದೆ. ಹಾಗೆಂದು ದೂರದ ವ್ಯಾಪಾರವನ್ನೇ ನಿಷೇಧಿಸಿತ್ತೆಂದು ತಿಳಿಯಬಾರದು. ಶ್ವೇತಾಂಬರ ಆಗಮಗಳಲ್ಲೊಂದಾದ ಉಪಾಸಕದಶಾಂಗದಲ್ಲಿ ಬರುವ ಆನಂದ ಶ್ರಾವಕನ ಕಥೆ ಎಲ್ಲರಿಗೂ ಪರಿಚಿತವಾದುದು. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ವ್ರತ ಸ್ವೀಕರಿಸುವಾಗ ಆತನು ತನ್ನ ಪರಿಗ್ರಹಕ್ಕೆ ಮಿತಿ ಹಾಕಿಕೊಂಡ ಪಟ್ಟಿಯಲ್ಲಿ ದೂರದೇಶದ ವ್ಯಾಪಾರಕ್ಕೆಂದು ಐನೂರು ಗಾಡಿಗಳು, ಸ್ಥಳೀಯ ಸಾಗಣೆಗೆಂದು ಐನೂರು ಗಾಡಿಗಳು, ಹಾಗೆಯೇ ಎರಡಕ್ಕೂ ನಾಲ್ಕು ನಾಲ್ಕು ಹಡಗುಗಳು ಸೇರಿವೆ. ಐನೂರು ಗಾಡಿಗಳೆಂದರೆ ಸಣ್ಣ ಮಿತಿಯೇನಲ್ಲ! ಆದರೆ ಮಿತಿ ಇತ್ತು, ಅದನ್ನು ಎಣಿಸಿ ಹೇಳಲಾಗಿತ್ತು ಎಂಬುದು ಇಲ್ಲಿ ಮುಖ್ಯ.

ರಾಜ್ಯದ ಕಟ್ಟಳೆಯ ವಿಷಯವೂ ಅಣುವ್ರತಗಳ ಅತಿಚಾರಗಳಲ್ಲಿ ಬಂದಿದೆ. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತಕ್ಕೆ ಹೇಳುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆಯೂ ಒಂದು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದಾಚಾರ್ಯರು ಇವೆರಡಕ್ಕೂ ಕೊಟ್ಟಿರುವ ವಿವರಣೆಯು ವರ್ತಕರಾದವರಿಗೆ ಬಹಳ ಉಪಯುಕ್ತವಾದುದು. ನ್ಯಾಯವಾದ ಮಾರ್ಗವನ್ನು ಬಿಟ್ಟು ಬೇರೆ ರೀತಿಯಲ್ಲಿ ಪಡೆಯುವುದೇ ಅತಿಕ್ರಮ. ಬೆಲೆಬಾಳುವ ವಸ್ತು ಅಲ್ಲಿ ಅಗ್ಗವಾಗಿ ದೊರೆಯುತ್ತದೆಂದು ಮಾಡುವ ಪ್ರಯತ್ನ ಅದರ ಸ್ವರೂಪ. ಇನ್ನು ಕೂಟಲೇಖವೆಂದರೆ, ಒಬ್ಬನು ಹೇಳದೆ ಇದ್ದುದನ್ನು, ಮಾಡದೆ ಇದ್ದುದನ್ನು, ಮತ್ತೊಬ್ಬರ ಪ್ರೇರಣೆಗೆ ಒಳಗಾಗಿ, ವಂಚಿಸುವ ನಿಮಿತ್ತದಿಂದ, ಅವನು ಹೇಳಿದನೆಂದೂ ಮಾಡಿದನೆಂದೂ ಬರೆಯುವುದು. ಮತ್ತೊಬ್ಬರ ಪ್ರೇರಣೆಗೆ ಒಳಗಾಗಿ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಅದರ ಪ್ರಯೋಜನ ಮುಂದೆ ಬರುತ್ತದೆ.

ಚರಿತ್ರೆಗೆ ಬರೋಣ. ನಮ್ಮ ನಾಡಿನ ಅಯ್ಯಾವೊಳೆ, ಅಂದರೆ ಇಂದಿನ ಐಹೊಳೆ, ತನ್ನ ಹೆಸರನ್ನು ದಕ್ಷಿಣ ಭಾರತದ ಅತಿ ದೊಡ್ಡ ವರ್ತಕ ಸಂಘಕ್ಕೆ ಕೊಟ್ಟಿತು. ಅಯ್ಯಾವೊಳೆ ಐನೂರ್ವರೆಂಬ ಈ ಸಂಘದಲ್ಲಿ ಶೈವರೂ ಜೈನರೂ ವೈಷ್ಣವರೂ ಇದ್ದರು. ನಾನಾದೇಶಿಗಳೆಂದೂ ತಮ್ಮನ್ನು ಕರೆದುಕೊಂಡ ಇವರ ಹೆಜ್ಜೆಗುರುತು ಸಮುದ್ರದಾಚೆಗೂ ಇದೆ. ಸುಮಾತ್ರಾ ದ್ವೀಪದ ಪಶ್ಚಿಮ ತೀರದ ಬಾರೂಸ್ ಸಮೀಪ ದೊರೆತ, 1088ನೆಯ ಇಸವಿಯ ತಮಿಳು ಶಾಸನವು ಈ ಐನೂರ್ವರ ಹೆಸರನ್ನೇ ಹೇಳುತ್ತದೆ. ಕರ್ಪೂರಕ್ಕೆ ಹೆಸರಾಗಿದ್ದ ಆ ಬಂದರಿನಲ್ಲಿ ಹಡಗಿನವರು ಕಸ್ತೂರಿಯ ಬೆಲೆಗೆ ಅನುಗುಣವಾಗಿ ಚಿನ್ನದ ರೂಪದಲ್ಲಿ ಕಾಣಿಕೆ ಸಲ್ಲಿಸಿದ ಮೇಲೆಯೇ ಒಳಗೆ ಅಡಿಯಿಡಬೇಕೆಂಬ ಅರ್ಥದ ಕಟ್ಟಳೆಯನ್ನು ವಿದ್ವಾಂಸರು ಅದರಲ್ಲಿ ಓದಿದ್ದಾರೆ. ಈ ಕಟ್ಟಳೆಯನ್ನು ಮಾಡಿದವರು ಪರದೇಶದ ಅರಸರಲ್ಲ, ವರ್ತಕರ ಸಂಘವೇ. ಬಂದವರಿಗೆ ಪ್ರವೇಶ ಕೊಡುವ ಅಧಿಕಾರವನ್ನು ಹೊರಗಿನಿಂದ ಹೋಗಿ ನೆಲೆಸಿದ ವ್ಯಾಪಾರಿಗಳು ತಾವೇ ಚಲಾಯಿಸುತ್ತಿದ್ದ ಕಾಲವದು.

ಅರಸನು ಈ ವಿಷಯದಲ್ಲಿ ಏನು ಮಾಡುತ್ತಿದ್ದನು? ಇದಕ್ಕೆ ಅತ್ಯುತ್ತಮ ಸಾಕ್ಷಿಯೆಂದರೆ ಆಂಧ್ರದ ಮೋಟುಪಲ್ಲಿಯಲ್ಲಿರುವ ಕಾಕತೀಯ ಗಣಪತಿದೇವನ ಅಭಯಶಾಸನ. ಇದರ ಕಾಲ ಸುಮಾರು 1244. ಹಿಂದಿನ ಅರಸರು ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗುಗಳ ಸರಕನ್ನೆಲ್ಲ, ಚಿನ್ನ, ಆನೆ, ಕುದುರೆ, ರತ್ನಗಳೆನ್ನದೆ, ಬಲಾತ್ಕಾರದಿಂದ ವಶಪಡಿಸಿಕೊಳ್ಳುತ್ತಿದ್ದರೆಂದೂ, ತಾನು ಮಾತ್ರ ನಿಗದಿಯಾದ ಸುಂಕದ ಹೊರತು ಬೇರೇನನ್ನೂ ಮುಟ್ಟುವುದಿಲ್ಲವೆಂದೂ ಅರಸನು ಅದರಲ್ಲಿ ಸಾರಿದ್ದಾನೆ. ಸುಂಕವು ಮೂವತ್ತರಲ್ಲಿ ಒಂದು ಪಾಲು. ಕರ್ಪೂರ, ಶ್ರೀಗಂಧ ಮೊದಲಾದ ಸರಕುಗಳಿಗೆ ಬೇರೆ ಬೇರೆ ದರಗಳನ್ನೂ ಕೊರೆಸಿದ್ದಾನೆ. ಪ್ರಾಣವನ್ನು ಪಣಕ್ಕಿಟ್ಟು ಸಮುದ್ರ ದಾಟಿ ಬಂದವನ ಮೇಲೆ ಕರುಣೆಯಿಟ್ಟು ಹೀಗೆ ಮಾಡಿದೆನೆಂದು ಆತನ ಹೇಳಿಕೆ. ಸುಂಕದ ಆದಾಯ ಹೆಚ್ಚಲೆಂಬ ಲೆಕ್ಕಾಚಾರವೂ ಕರುಣೆಯ ಜೊತೆಗೆ ಇದ್ದಿರಬಹುದು. ಅರಸರೂ ಲೆಕ್ಕ ಬಲ್ಲವರೇ. ಇಲ್ಲಿ ಗಮನಿಸಬೇಕಾದುದು, ಮಾತು ಕೊಡುವವನು ಅರಸ, ಮಾತನ್ನು ಪಡೆಯುವವನು ವರ್ತಕ. ವರ್ತಕನು ಯಾವ ಅರ್ಜಿಯನ್ನೂ ಬರೆಯಲಿಲ್ಲ. ಅರಸನೇ ತನ್ನ ವಾಗ್ದಾನವನ್ನು ಕಲ್ಲಿನ ಮೇಲೆ ಬರೆಯಿಸಿ ಎಲ್ಲರೂ ಓದುವಂತೆ ನಿಲ್ಲಿಸಿದನು.

ಈ ವ್ಯವಸ್ಥೆಯನ್ನು ನಮ್ಮ ಪಶ್ಚಿಮ ಕರಾವಳಿಯಲ್ಲಿ ಮುರಿದವರು ಪೋರ್ಚುಗೀಸರು. 1502ರಲ್ಲಿ ವಾಸ್ಕೋ ಡ ಗಾಮನ ನೌಕಾಪಡೆ ಭಟ್ಕಳದ ಮೇಲೆ ಬಿದ್ದು ಅಕ್ಕಿಯ ಕಪ್ಪವನ್ನು ಕಸಿಯಿತು. ಆ ಶತಮಾನದ ಆದಿಭಾಗದಿಂದಲೇ ಅರಬ್ಬಿ ಸಮುದ್ರದಲ್ಲಿ ಸಾಗುವ ಪ್ರತಿಯೊಂದು ವ್ಯಾಪಾರದ ಹಡಗೂ ಅವರಿಂದ ಕಾರ್ತಾಸ್ ಎಂಬ ಪರವಾನಗಿ ಪತ್ರವನ್ನು ಪಡೆಯಬೇಕಾಯಿತು. ಹಡಗಿನ ಹೆಸರು, ಅದರ ಗಾತ್ರ, ನಾಯಕನಾರು, ಎಲ್ಲಿಗೆ ಹೋಗುತ್ತದೆ, ಏನನ್ನು ತುಂಬಿಕೊಂಡಿದೆ ಎಂಬುದೆಲ್ಲ ಆ ಪತ್ರದಲ್ಲಿರಬೇಕು. ಪತ್ರವಿಲ್ಲದ ಹಡಗನ್ನು ಸರಕು ಸಹಿತ ಹಿಡಿಯಬಹುದಾಗಿತ್ತು. ಗೇರುಸೊಪ್ಪೆಯ ಜೈನ ರಾಣಿ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆಕೆಯ ಬಂದರುಗಳ ಮೆಣಸು ಹೊರಟದ್ದೂ ಇಂಥ ಪರವಾನಗಿಯ ನೆರಳು ಬಿದ್ದಿದ್ದ ಸಮುದ್ರದ ಮೇಲೆಯೇ ಎಂಬುದನ್ನು ಮರೆಯಲಾಗದು. ತನ್ನದಲ್ಲದ ಸಮುದ್ರಕ್ಕೆ ಕಾವಲುಗಾರನಾಗಿ ನಿಂತು ಕಾಗದ ಮಾರಿದವರನ್ನು ಏನೆಂದು ಕರೆಯಬೇಕೋ ವಾಚಕರೇ ನಿರ್ಧರಿಸಲಿ. ಅಂದಿನಿಂದ ಮಾತಿನ ದಿಕ್ಕು ತಿರುಗಿತು. ವರ್ತಕನು ತನ್ನ ವಿವರವನ್ನು ಬರೆದುಕೊಡುವವನಾದನು. ಪ್ರಭುತ್ವವು ಅದನ್ನು ಪರೀಕ್ಷಿಸುವುದಾಯಿತು.

ನಡುವೆ ಇನ್ನೊಂದು ಅನುಮತಿಯೂ ಇತ್ತು. ಅದು ಜಾತಿಯ ಪಂಚಾಯತಿಯದು. 1888ರಲ್ಲಿ ಇಂಗ್ಲೆಂಡಿಗೆ ಹೊರಟ ಮೋಹನದಾಸ ಗಾಂಧಿಯವರನ್ನು ಮೋಢ ವಣಿಕ ಸಮಾಜವು ಬಹಿಷ್ಕರಿಸಿತು. ಅವರ ತಾಯಿಯ ಸಮಾಧಾನಕ್ಕೆ ಮೂರು ಪ್ರತಿಜ್ಞೆಗಳನ್ನು ಮಾಡಿಸಿದವರು ಬೇಚರಜಿ ಸ್ವಾಮಿ ಎಂಬ ಜೈನ ಸಾಧುಗಳು. 1893ರ ಷಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಹೋಗಿ ಬಂದ ವೀರಚಂದ ರಾಘವಜಿ ಗಾಂಧಿಯವರೂ ಸ್ವಸಮಾಜದ ಕೆಲವರ ವಿರೋಧವನ್ನು ಎದುರಿಸಬೇಕಾಯಿತು. ಸಮುದ್ರಯಾನದ ಈ ನಿರ್ಬಂಧವು ತಾನಾಗಿಯೇ ಸಡಿಲವಾಯಿತು. ಅದು ಸಡಿಲವಾಗುವ ಹೊತ್ತಿಗೆ ಆಚೆಯ ದಡದಲ್ಲಿ ಬಾಗಿಲು ಮುಚ್ಚತೊಡಗಿತ್ತು.

ಆಧುನಿಕ ವೀಸಾ ಅರ್ಜಿಯ ಪೂರ್ವಜನನ್ನು ನಾವು ದಕ್ಷಿಣ ಆಫ್ರಿಕದ ನಟಾಲ್ ವಸಾಹತಿನಲ್ಲಿ ಕಾಣಬಹುದು. ಅಲ್ಲಿ ಕಬ್ಬಿನ ತೋಟಗಳಿಗೆ ಹೋದ ಕೂಲಿಕಾರರ ಹಿಂದೆಯೇ ಗುಜರಾತಿನ ವ್ಯಾಪಾರಿಗಳೂ ಸ್ವಂತ ಖರ್ಚಿನಿಂದ ಹೋಗಿ ಅಂಗಡಿಗಳನ್ನು ತೆರೆದಿದ್ದರು. ಕಡಿಮೆ ಲಾಭಕ್ಕೆ ಮಾರುವ ಇವರ ಸ್ಪರ್ಧೆಯನ್ನು ಬಿಳಿಯ ಅಂಗಡಿಕಾರರು ಸಹಿಸಲಿಲ್ಲ. 1896ರ ಡಿಸೆಂಬರಿನಲ್ಲಿ ಭಾರತದಿಂದ ಬಂದ ಕೋರ್ಲ್ಯಾಂಡ್ ಮತ್ತು ನಾದೇರಿ ಎಂಬ ಎರಡು ಹಡಗುಗಳನ್ನು ಡರ್ಬನ್ ಬಂದರಿನಲ್ಲಿ ಮೂರು ವಾರಗಳಿಗೂ ಹೆಚ್ಚು ಕಾಲ ತಡೆದು ನಿಲ್ಲಿಸಲಾಯಿತು. ಮರುವರ್ಷವೇ, ಅಂದರೆ 1897ರಲ್ಲಿ, ವಸಾಹತಿನ ಶಾಸನಸಭೆಯು ಎರಡು ಕಾಯಿದೆಗಳನ್ನು ಮಾಡಿತು. ಎರಡರಲ್ಲಿಯೂ ಭಾರತೀಯ ಎಂಬ ಶಬ್ದವಿಲ್ಲ.

ಮೊದಲನೆಯದು ವಲಸೆ ನಿರ್ಬಂಧ ಕಾಯಿದೆ. ಒಳಬರಲು ಬಯಸುವವನು ಕಾಯಿದೆಯ ಅನುಬಂಧದಲ್ಲಿ ಕೊಟ್ಟ ನಮೂನೆಯಂತೆ ಅರ್ಜಿಯನ್ನು ಯಾವುದಾದರೊಂದು ಐರೋಪ್ಯ ಭಾಷೆಯ ಲಿಪಿಯಲ್ಲಿ ತನ್ನ ಕೈಯಿಂದಲೇ ಬರೆದು ರುಜು ಮಾಡಬೇಕು. ಪೂರ್ಣ ಹೆಸರು, ಕಳೆದ ಹನ್ನೆರಡು ತಿಂಗಳು ವಾಸವಿದ್ದ ಸ್ಥಳ, ಉದ್ಯೋಗ, ಹುಟ್ಟಿದ ಊರು, ವರ್ಷ ಇವಿಷ್ಟೇ ಅದರಲ್ಲಿ ಇದ್ದುದು. ಇಂದಿನ ಯಾವುದೇ ವೀಸಾ ಅರ್ಜಿಯ ಮೊದಲ ಪುಟದಲ್ಲಿಯೂ ಬಹುಪಾಲು ಇವೇ ಪ್ರಶ್ನೆಗಳಿವೆ. ಉತ್ತರ ಏನೆಂಬುದು ನಟಾಲಿನ ಅಧಿಕಾರಿಗೆ ಮುಖ್ಯವಾಗಿರಲಿಲ್ಲ. ಬರೆಯಲು ಬರುತ್ತದೆಯೇ ಎಂಬುದಷ್ಟೇ ಮುಖ್ಯ. ಗುಜರಾತಿಯಲ್ಲಿ ಲಕ್ಷಾಂತರದ ಲೆಕ್ಕ ಬರೆಯಬಲ್ಲ ಸೇಠನು ಅನಕ್ಷರಸ್ಥನೆಂದು ತೀರ್ಮಾನವಾಗುತ್ತಿದ್ದನು. ಜನಾಂಗದ ಹೆಸರೆತ್ತದೆ ಜನಾಂಗವನ್ನು ಹೊರಗಿಡುವ ಈ ಉಪಾಯವನ್ನು ಅದೇ ವರ್ಷ ಲಂಡನ್ನಿನಲ್ಲಿ ಸೇರಿದ ವಸಾಹತುಗಳ ಪ್ರಧಾನಿಗಳಿಗೆ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲೇನ್ ಅನುಕರಣೀಯವೆಂದು ಶಿಫಾರಸು ಮಾಡಿದರು.

ಎರಡನೆಯದು ವರ್ತಕರ ಪರವಾನಗಿ ಕಾಯಿದೆ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಹೆಚ್ಚು ಕುತೂಹಲಕರವಾಗಿ ಕಂಡಿದೆ. ಲೆಕ್ಕದ ಪುಸ್ತಕಗಳನ್ನು ಇಂಗ್ಲಿಷಿನಲ್ಲಿ ಇಡಲು ಶಕ್ತನೆಂದು ತೋರಿಸಲಾಗದವನಿಗೆ, ಅಂಗಡಿಯ ಜಾಗ ನೈರ್ಮಲ್ಯದ ದೃಷ್ಟಿಯಿಂದ ಯೋಗ್ಯವಲ್ಲದವನಿಗೆ ಪರವಾನಗಿ ಇಲ್ಲ. ಕೊಡುವುದೂ ಬಿಡುವುದೂ ಪರವಾನಗಿ ಅಧಿಕಾರಿಯ ಇಚ್ಛೆ. ಅವನ ಮೇಲಿನ ಮನವಿ ಪುರಸಭೆಗೆ ಮಾತ್ರ, ನ್ಯಾಯಾಲಯಕ್ಕಿಲ್ಲ. ಪುರಸಭೆಯ ಸದಸ್ಯರೋ, ಪಕ್ಕದ ಬೀದಿಯ ಬಿಳಿಯ ಅಂಗಡಿಕಾರರು! ಲೆಕ್ಕ ಶುದ್ಧವಾಗಿರಬೇಕೆಂಬುದು ಒಳ್ಳೆಯ ನಿಯಮವೇ. ಆದರೆ ಪ್ರತಿಸ್ಪರ್ಧಿಯೇ ನ್ಯಾಯಾಧೀಶನಾದಾಗ ಒಳ್ಳೆಯ ನಿಯಮವೂ ಅನ್ಯಾಯದ ಉಪಕರಣವಾಗುತ್ತದೆ. ಗಾಂಧೀಜಿಯವರನ್ನು ದಕ್ಷಿಣ ಆಫ್ರಿಕಕ್ಕೆ ಕರೆದೊಯ್ದ ದಾದಾ ಅಬ್ದುಲ್ಲಾ ಅವರ ಮೊಕದ್ದಮೆಯೇ ಲೆಕ್ಕಪತ್ರದ ಜಟಿಲತೆಯದು. ಅದಕ್ಕಾಗಿ ಅವರು ಲೆಕ್ಕ ಬರೆಯುವ ಶಾಸ್ತ್ರದ ಪುಸ್ತಕವೊಂದನ್ನು ಕೊಂಡು ಓದಬೇಕಾಯಿತು.

ಮುಂದೆ ಕೆನಡವು 1908ರಲ್ಲಿ ಸ್ವದೇಶದಿಂದ ನೇರ ಪ್ರಯಾಣದ ಷರತ್ತನ್ನೂ ಏಷ್ಯದವರಿಗೆ ಇನ್ನೂರು ಡಾಲರು ಕೈಯಲ್ಲಿರಬೇಕೆಂಬ ಷರತ್ತನ್ನೂ ಹಾಕಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದಲ್ಲಿ ಪಾಸ್‌ಪೋರ್ಟು ಕಡ್ಡಾಯವಾಯಿತು. ಯುದ್ಧ ಮುಗಿದರೂ ಅದು ಹೋಗಲಿಲ್ಲ, 1920ರ ಕಾಯಿದೆಯಿಂದ ಸ್ಥಿರವಾಯಿತು.

ಪೂರ್ವ ಆಫ್ರಿಕದ ವೃತ್ತಾಂತ ನಮ್ಮ ಸಮಾಜದ ಮಟ್ಟಿಗೆ ಹೆಚ್ಚು ನಿಕಟವಾದುದು. ಗುಜರಾತಿನ ಜಾಮ್‌ನಗರದ ಸುತ್ತಲಿನ ಹಾಲಾರ ಪ್ರಾಂತದ ಓಸ್ವಾಲ ಜೈನರು ಮೂಲತಃ ಬೇಸಾಯಗಾರರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ವೇಳೆಗೆ, 1899–1900ರ ಛಪ್ಪನಿಯಾ ಎಂಬ ಭೀಕರ ಕ್ಷಾಮವು ಆ ಒಣಭೂಮಿಯನ್ನು ಸುಟ್ಟಾಗ, ಅವರ ತರುಣರು ನಾವೆಗಳನ್ನೇರಿ ಮೊಂಬಾಸಕ್ಕೆ ಹೊರಟರು. ಮೊಂಬಾಸದಿಂದ ವಿಕ್ಟೋರಿಯ ಸರೋವರದವರೆಗೆ ರೈಲುಹಾದಿ 1901ರಲ್ಲಿ ಮುಟ್ಟಿತು. ಆ ಹಾದಿಗುಂಟ, ಅದರಾಚೆಯ ಒಳನಾಡಿನಲ್ಲಿಯೂ, ದುಕಾ ಎಂದು ಸ್ವಾಹಿಲಿಯಲ್ಲಿ ಕರೆಯುವ ಸಣ್ಣ ಅಂಗಡಿಗಳು ತಲೆಯೆತ್ತಿದವು. ದುಕಾನ್ ಎಂಬ ನಮಗೆ ಪರಿಚಿತವಾದ ಶಬ್ದವೇ ಅದು. ಉಪ್ಪು, ಬಟ್ಟೆ, ದೀಪದ ಎಣ್ಣೆ, ಮಣಿಸರ ಮಾರುವ ಅಂಗಡಿ, ಹಿಂಭಾಗದಲ್ಲಿ ವಾಸ. ಒಬ್ಬನು ನೆಲೆಗೊಂಡು ತಮ್ಮನನ್ನು ಕರೆಸುವುದು, ತಮ್ಮನು ಭಾವಮೈದುನನನ್ನು ಕರೆಸುವುದು, ಹೀಗೆ ಎರಡು ತಲೆಮಾರುಗಳಲ್ಲಿ ಕೀನ್ಯದಲ್ಲಿ ಬಲವಾದ ಜೈನ ಸಮಾಜವೊಂದು ಬೆಳೆಯಿತು. ಪಾಠಶಾಲೆಗಳೂ ದೇರಾಸರಗಳೂ ಎದ್ದವು.

1963ರ ಡಿಸೆಂಬರ್ 12ರಂದು ಕೀನ್ಯ ಸ್ವತಂತ್ರವಾಯಿತು. ಅಲ್ಲಿಯ ಏಷ್ಯದ ಜನಸಂಖ್ಯೆ ಆಗ ಸುಮಾರು 1,76,000. ಹೊಸ ದೇಶದ ಪೌರತ್ವ ಪಡೆಯಲು ಎರಡು ವರ್ಷಗಳ ಅವಕಾಶ ಕೊಟ್ಟರು. ಹೆಚ್ಚಿನವರು ಬ್ರಿಟಿಷ್ ಪಾಸ್‌ಪೋರ್ಟನ್ನೇ ಇಟ್ಟುಕೊಂಡರು. ಎಷ್ಟೋ ಮನೆಗಳಲ್ಲಿ ಅಣ್ಣ ಕೀನ್ಯದ ಪ್ರಜೆ, ತಮ್ಮ ಬ್ರಿಟಿಷ್ ಪ್ರಜೆ, ತಾಯಿ ಭಾರತದ ಪ್ರಜೆ! ಅಪಾಯವನ್ನು ಹಂಚಿಕೊಳ್ಳುವ ವಣಿಕಬುದ್ಧಿಯೆಂದು ಇದನ್ನು ಮೆಚ್ಚಬಹುದು. ಆ ನಾಡಿನ ಮೇಲೆ ಪೂರ್ಣ ವಿಶ್ವಾಸವಿಡಲಿಲ್ಲವೆಂದು ಆಫ್ರಿಕನ್ನರು ಭಾವಿಸಿದ್ದರೆ ಅದನ್ನೂ ತಪ್ಪೆನ್ನಲಾಗದು. 1967ರಲ್ಲಿ ಕೀನ್ಯ ಸರ್ಕಾರವು ವಲಸೆ ಕಾಯಿದೆ ಮತ್ತು ವ್ಯಾಪಾರ ಪರವಾನಗಿ ಕಾಯಿದೆ ಎಂಬ ಎರಡನ್ನು ಜೊತೆಯಾಗಿ ತಂದಿತು. ಪೌರರಲ್ಲದವರು, ಅಲ್ಲಿಯೇ ಹುಟ್ಟಿ ಬೆಳೆದವರಾದರೂ, ಉದ್ಯೋಗಕ್ಕೂ ವ್ಯಾಪಾರಕ್ಕೂ ಪ್ರವೇಶ ಪರವಾನಗಿಯನ್ನು ಅರ್ಜಿ ಹಾಕಿ ಪಡೆಯಬೇಕು. ನಗರಗಳ ನಿಗದಿತ ಭಾಗದಲ್ಲಿ ಮಾತ್ರ ವ್ಯಾಪಾರ ಮಾಡಬೇಕು. ದಿನಬಳಕೆಯ ಕೆಲವು ಸರಕುಗಳನ್ನು ಮುಟ್ಟುವಂತಿಲ್ಲ. ಅಜ್ಜ ತೆರೆದ ಅಂಗಡಿಯಲ್ಲಿ ಕುಳಿತುಕೊಳ್ಳಲು ಮೊಮ್ಮಗನು ಪರದೇಶಿಯಂತೆ ಅರ್ಜಿ ಬರೆಯಬೇಕಾದ ಪ್ರಸಂಗವದು.

ನಟಾಲಿನ 1897ರ ಕಾಯಿದೆಗಳನ್ನೂ ಕೀನ್ಯದ 1967ರ ಕಾಯಿದೆಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ವಸಾಹತುಶಾಹಿಯು ಆಫ್ರಿಕದವರನ್ನು ಅವರದೇ ನೆಲದಲ್ಲಿ ವ್ಯಾಪಾರದಿಂದ ದೂರವಿಟ್ಟಿತ್ತು. ಸ್ವಾತಂತ್ರ್ಯ ಬಂದಾಗ ಅವರು ತಮ್ಮ ಪಾಲನ್ನು ಕೇಳಿದರು. ಕೇಳಿದ ರೀತಿ ಕಠೋರವಾಗಿತ್ತೆಂಬುದೂ ನಿಜ. ಈ ಇಕ್ಕಟ್ಟಿನಲ್ಲಿ ಕೆಲವು ವರ್ತಕರು ಅಂಗಡಿಯನ್ನು ಸ್ಥಳೀಯ ಪಾಲುದಾರರಿಗೆ ನಿಜವಾಗಿ ಮಾರಿದರು. ಕೆಲವರು ಆಫ್ರಿಕದವನೊಬ್ಬನ ಹೆಸರಿನಲ್ಲಿ ಪರವಾನಗಿ ಪಡೆದು, ಅವನಿಗೆ ತಿಂಗಳ ಸಂಬಳ ಕೊಟ್ಟು, ಮೊದಲಿನಂತೆಯೇ ವ್ಯಾಪಾರ ನಡೆಸಿದರು. ಇಂಥ ಬೇನಾಮಿ ವ್ಯವಸ್ಥೆ ಅಲ್ಲಿ ಸರ್ವವಿದಿತವಾಗಿತ್ತು. ಪೂಜ್ಯಪಾದರ ವ್ಯಾಖ್ಯೆಯನ್ನು ಇಲ್ಲಿ ಅನ್ವಯಿಸಿದರೆ ಇದು ಏನಾಗುತ್ತದೆಂಬುದು ಸ್ಪಷ್ಟ: ಒಬ್ಬನು ಮಾಡದೆ ಇರುವ ವ್ಯಾಪಾರವನ್ನು ಅವನು ಮಾಡುತ್ತಿರುವುದಾಗಿ ಬರೆದದ್ದು. ಅನ್ಯಾಯದ ಕಾನೂನನ್ನು ತಪ್ಪಿಸಿಕೊಳ್ಳಲು ಹಾಗೆ ಮಾಡಿದೆವೆಂಬ ಸಮರ್ಥನೆಯನ್ನು ನಾನು ಕೇಳಿದ್ದೇನೆ. ಕಾನೂನು ಅನ್ಯಾಯವಾದರೆ ಅದನ್ನು ಬಹಿರಂಗವಾಗಿ ವಿರೋಧಿಸುವ ದಾರಿಯನ್ನು ಅದೇ ಆಫ್ರಿಕ ಖಂಡದಲ್ಲಿ ಒಬ್ಬ ಗುಜರಾತಿ ವಕೀಲರು ತೋರಿಸಿದ್ದರು. ಸುಳ್ಳು ದಸ್ತಾವೇಜು ಆ ದಾರಿಯಲ್ಲ.

ಹಲವರು ಹೊರಟರು. ಬ್ರಿಟಿಷ್ ಪಾಸ್‌ಪೋರ್ಟು ಕೈಯಲ್ಲಿದ್ದವರು ಇಂಗ್ಲೆಂಡಿನ ವಿಮಾನ ಹತ್ತಿದರು. ಅದನ್ನು ಕಂಡು ಗಾಬರಿಗೊಂಡ ಬ್ರಿಟಿಷ್ ಸಂಸತ್ತು ಮೂರೇ ದಿನಗಳಲ್ಲಿ ಮಸೂದೆಯೊಂದನ್ನು ಅಂಗೀಕರಿಸಿ 1968ರ ಮಾರ್ಚ್ 1ರಂದು ಕಾಯಿದೆ ಮಾಡಿತು. ತಂದೆತಾಯಿಯೋ ಅಜ್ಜ ಅಜ್ಜಿಯೋ ಬ್ರಿಟನ್ನಿನಲ್ಲಿ ಹುಟ್ಟಿರದ ಪಾಸ್‌ಪೋರ್ಟುದಾರರಿಗೆ ಪ್ರವೇಶದ ಹಕ್ಕಿಲ್ಲ. ವರ್ಷಕ್ಕೆ 1,500 ಕುಟುಂಬಗಳ ಯಜಮಾನರಿಗೆ ಮಾತ್ರ ಚೀಟಿ. ಪಾಸ್‌ಪೋರ್ಟು ಕೊಟ್ಟ ಪ್ರಭುತ್ವವೇ ಅದನ್ನು ಮಾನ್ಯ ಮಾಡಲಿಲ್ಲ. ಗಣಪತಿದೇವನ ಕಲ್ಲಿನ ಮಾತಿಗೂ ಈ ಕಾಗದದ ಮಾತಿಗೂ ಇರುವ ಅಂತರವನ್ನು ನೋಡಿರಿ. ಐರೋಪ್ಯ ಮಾನವ ಹಕ್ಕುಗಳ ಆಯೋಗವು 1973ರಲ್ಲಿ ಈ ವರ್ತನೆಯನ್ನು ಜನಾಂಗೀಯ ಭೇದವೆಂದೂ ಮಾನವ ಘನತೆಗೆ ಕುಂದೆಂದೂ ಅಭಿಪ್ರಾಯಪಟ್ಟಿತು. ಅಷ್ಟರಲ್ಲಿ 1972ರ ಆಗಸ್ಟಿನಲ್ಲಿ ಉಗಾಂಡದ ಇದಿ ಅಮೀನನು ಏಷ್ಯದವರಿಗೆ 90 ದಿನಗಳ ಗಡುವು ಕೊಟ್ಟಾಗಿತ್ತು. ಲೆಸ್ಟರ್ ನಗರಸಭೆಯು ಉಗಾಂಡದ ಪತ್ರಿಕೆಯಲ್ಲಿ, ದಯವಿಟ್ಟು ನಮ್ಮ ಊರಿಗೆ ಬರಬೇಡಿ ಎಂಬರ್ಥದ ಜಾಹೀರಾತನ್ನೇ ಹಾಕಿಸಿತು. ಅದೇ ಲೆಸ್ಟರಿನಲ್ಲಿ ಒಂದು ಹಳೆಯ ಇಗರ್ಜಿಯ ಕಟ್ಟಡವನ್ನು ಮಾರ್ಪಡಿಸಿ 1988ರಲ್ಲಿ ಜಿನಬಿಂಬಗಳ ಪ್ರತಿಷ್ಠೆ ನಡೆಯಿತು. ಪೂರ್ವ ಆಫ್ರಿಕದಿಂದ ಬಂದವರೇ ಅದರಲ್ಲಿ ಬಹುಸಂಖ್ಯಾತರು.

ಇಷ್ಟು ಆಚೆಯ ದಡದ ಮಾತಾಯಿತು. ಈಚೆಯ ದಡದಲ್ಲಿಯೂ ಅನುಮತಿ ಸುಲಭವಾಗಿರಲಿಲ್ಲ. 1967ರವರೆಗೆ ಭಾರತದಲ್ಲಿ ಪಾಸ್‌ಪೋರ್ಟು ಸರ್ಕಾರದ ಕೃಪೆಯೆಂದೇ ಪರಿಗಣಿತವಾಗಿತ್ತು. ಅದನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಸತ್ವಂತ್ ಸಿಂಗ್ ಸಾಹ್ನಿ ಎಂಬವರು ಮೋಟಾರು ಬಿಡಿಭಾಗಗಳ ಆಮದು ರಫ್ತಿನ ವ್ಯಾಪಾರಿ. ಅವರ ಪಾಸ್‌ಪೋರ್ಟುಗಳನ್ನು ಹಿಂದಿರುಗಿಸುವಂತೆ ಸರ್ಕಾರ ಕೇಳಿತ್ತು. 1967ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ಮೂವರು, ಹೊರದೇಶಕ್ಕೆ ಪ್ರಯಾಣಿಸುವುದು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾದ ಹಕ್ಕೆಂದು ತೀರ್ಪಿತ್ತರು. ಜೂನ್ ತಿಂಗಳಲ್ಲಿಯೇ ಪಾಸ್‌ಪೋರ್ಟ್ ಕಾಯಿದೆ ಬಂದಿತು. ಇಂದು ನಾವೆಲ್ಲ ಅರ್ಜಿ ಹಾಕಿ ಹಕ್ಕಿನಿಂದ ಪಡೆಯುವ ಪಾಸ್‌ಪೋರ್ಟಿನ ಹಿಂದೆ ಒಬ್ಬ ವ್ಯಾಪಾರಿಯ ಮೊಕದ್ದಮೆಯಿದೆಯೆಂಬುದು ವರ್ತಕ ಸಮಾಜಕ್ಕೆ ತಿಳಿದಿರಬೇಕಾದ ಸಂಗತಿ.

ಆದರೆ ಪಾಸ್‌ಪೋರ್ಟು ದೊರೆತರೂ ಬಂಡವಾಳ ಹೊರಡುವಂತಿರಲಿಲ್ಲ. 1947ರ ವಿದೇಶಿ ವಿನಿಮಯ ಕಾಯಿದೆ, ಅದಕ್ಕಿಂತ ಬಿಗಿಯಾದ 1973ರ ಕಾಯಿದೆ ಇವೆರಡರ ಕಾಲದಲ್ಲಿ ರಿಜರ್ವ್ ಬ್ಯಾಂಕಿನ ಒಪ್ಪಿಗೆಯಿಲ್ಲದೆ ಒಂದು ಪೌಂಡನ್ನೂ ಕಳುಹಿಸಲಾಗದು. ಪ್ರಯಾಣಿಕನು ಎಂಟು ಡಾಲರು ಜೇಬಿನಲ್ಲಿಟ್ಟುಕೊಂಡು ವಿಮಾನವೇರಿದ ಕಥೆಗಳನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ದೊಡ್ಡ ಉದ್ಯಮಪತಿಗಳಿಗೆ ಮಾತ್ರ ಒಂದು ಕಿಂಡಿಯಿತ್ತು: 1969ರ ಮಾರ್ಗಸೂಚಿಯಂತೆ, ನಗದಿನ ಬದಲು ಭಾರತದಲ್ಲಿ ತಯಾರಾದ ಯಂತ್ರಗಳನ್ನೇ ರಫ್ತು ಮಾಡಿ ಅದನ್ನು ಹೊರದೇಶದ ಕಾರಖಾನೆಯಲ್ಲಿ ತಮ್ಮ ಷೇರು ಬಂಡವಾಳವೆಂದು ಎಣಿಸಬಹುದಾಗಿತ್ತು. ಸಣ್ಣ ವರ್ತಕನಿಗೆ ಯಂತ್ರವೆಲ್ಲಿಯದು? ಅಲ್ಲಿಯ ಸರ್ಕಾರ ಬಂಡವಾಳ ತೋರಿಸು ಎನ್ನುತ್ತದೆ; ಇಲ್ಲಿಯ ಸರ್ಕಾರ ಕಳುಹಿಸಬೇಡ ಎನ್ನುತ್ತದೆ. ಈ ಎರಡು ಬಾಗಿಲುಗಳ ಸಂದಿಯಲ್ಲಿ ಹವಾಲಾ ಬೆಳೆಯಿತು, ಕಡಿಮೆ ಬೆಲೆ ನಮೂದಿಸಿದ ರಫ್ತು ಬಿಲ್ಲುಗಳು ಬೆಳೆದವು. ಬೆಲೆಯನ್ನು ತಗ್ಗಿಸಿ ಬರೆದ ಬಿಲ್ಲು ಕೂಟಲೇಖವೂ ಹೌದು, ರಾಜ್ಯಾತಿಕ್ರಮವೂ ಹೌದು. ಆಗಿನ ಕಾನೂನು ವಿವೇಕಹೀನವಾಗಿತ್ತೆಂದು ಒಪ್ಪಿಕೊಂಡೇ ಈ ಮಾತನ್ನು ಹೇಳಬೇಕಾಗುತ್ತದೆ.

ಆ ಸಮರ್ಥನೆಗೆ ಈಗ ಎಡೆಯಿಲ್ಲ. 2000ದ ಜೂನ್ 1ರಿಂದ ಹಳೆಯ ಕಾಯಿದೆ ಹೋಗಿ ಹೊಸದು ಬಂದಿತು. ಅದರಲ್ಲಿ ಉಲ್ಲಂಘನೆಗೆ ಸೆರೆಮನೆಯ ಬದಲು ಮುಖ್ಯವಾಗಿ ದಂಡ. 2004ರಲ್ಲಿ ರಿಜರ್ವ್ ಬ್ಯಾಂಕು ನಿವಾಸಿ ವ್ಯಕ್ತಿಯೊಬ್ಬನು ವರ್ಷಕ್ಕೆ 25,000 ಡಾಲರು ಕಳುಹಿಸಬಹುದೆಂದಿತು; 2015ರಿಂದ ಅದು 2,50,000 ಡಾಲರು. ಕೀನ್ಯವು 2011ರ ಹೊಸ ಕಾಯಿದೆಯಡಿ ಹೂಡಿಕೆದಾರನ ಪರವಾನಗಿಗೆ ಕನಿಷ್ಠ 1,00,000 ಡಾಲರು ಬಂಡವಾಳವನ್ನು ಕೇಳಿತು. ಹಾಲಾರದ ಕ್ಷಾಮಪೀಡಿತ ತರುಣನ ಬಳಿ ಇದ್ದುದು ನಾವೆಯ ಬಾಡಿಗೆ ಮಾತ್ರ! ಅಮೆರಿಕದಲ್ಲಿ ವಾಣಿಜ್ಯ ಒಪ್ಪಂದವಿರುವ ದೇಶಗಳ ಪ್ರಜೆಗಳಿಗೆ ಸಾಧಾರಣ ಬಂಡವಾಳದ ಮೇಲೆ ದೊರೆಯುವ ಹೂಡಿಕೆದಾರರ ವೀಸಾ ಭಾರತೀಯರಿಗಿಲ್ಲ, ಏಕೆಂದರೆ ಅಂಥ ಒಪ್ಪಂದ ನಮ್ಮೊಡನೆ ಇಲ್ಲ. ಇರುವ ದಾರಿ 1990ರಲ್ಲಿ ಆರಂಭವಾದ ದೊಡ್ಡ ಹೂಡಿಕೆಯದು. 2022ರ ಸುಧಾರಣೆಯ ನಂತರ ಅದಕ್ಕೆ ಕನಿಷ್ಠ 8,00,000 ಡಾಲರು ಮತ್ತು ಹತ್ತು ಜನರಿಗೆ ಉದ್ಯೋಗ ಬೇಕು.

ಬ್ರಿಟನ್ನಿನ ಅನುಭವವನ್ನು ನಮ್ಮ ಟ್ರಸ್ಟುಗಳ ಹಿರಿಯರು ವಿಶೇಷವಾಗಿ ಗಮನಿಸಬೇಕು. ಅಲ್ಲಿ ಉದ್ಯಮಿಗಳಿಗೆಂದೇ ಇದ್ದ ವೀಸಾಕ್ಕೆ ಸಾಮಾನ್ಯವಾಗಿ 2,00,000 ಪೌಂಡು ತೋರಿಸಬೇಕಿತ್ತು. ಒಂದೇ ಹಣವು ಅರ್ಜಿದಾರನಿಂದ ಅರ್ಜಿದಾರನಿಗೆ ಸುತ್ತುತ್ತಿದೆಯೆಂಬ ಶಂಕೆಯಿಂದ 2013ರ ಜನವರಿಯಲ್ಲಿ ಸರ್ಕಾರವು ನಿಯಮ ಬಿಗಿಗೊಳಿಸಿ, ಅರ್ಜಿದಾರನು ನಿಜವಾದ ಉದ್ಯಮಿಯೇ ಎಂಬ ಪರೀಕ್ಷೆಯನ್ನು ತಂದಿತು. 2019ರ ಮಾರ್ಚಿನಲ್ಲಿ ಆ ವೀಸಾವನ್ನೇ ಹೊಸ ಅರ್ಜಿದಾರರಿಗೆ ಮುಚ್ಚಿತು. ಈಗಿರುವ ವ್ಯವಸ್ಥೆಯಲ್ಲಿ ನಿಗದಿತ ಮೊತ್ತವಿಲ್ಲ. ಉದ್ಯಮದ ಕಲ್ಪನೆಯು ಹೊಸದೂ ಕಾರ್ಯಸಾಧ್ಯವೂ ಬೆಳೆಯಬಲ್ಲದ್ದೂ ಆಗಿದೆಯೆಂದು ಮಾನ್ಯತೆ ಪಡೆದ ಸಂಸ್ಥೆಯೊಂದು ಒಪ್ಪಬೇಕು. ಹಣವನ್ನು ಸುತ್ತಿಸಿದವರು ಪ್ರಾಮಾಣಿಕರ ಬಾಗಿಲನ್ನೂ ಮುಚ್ಚಿಸಿದರು.

ಇಂಥದ್ದು ನಮ್ಮಲ್ಲಿ ನಡೆಯುವುದಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ನಾಲ್ಕು ವಾರದ ಮಟ್ಟಿಗೆ ಹುಡುಗನ ಖಾತೆಗೆ ಮೂವತ್ತು ಲಕ್ಷ ಹಾಕಿರಿ, ವೀಸಾ ಬಂದೊಡನೆ ಹಿಂದಿರುಗಿಸುತ್ತೇವೆ ಎಂಬ ಕೋರಿಕೆ ಬಂಧುಗಳಿಂದ ಬರುತ್ತದೆ. ಸಹಾಯವೆಂಬ ಭಾವದಿಂದ ಒಳ್ಳೆಯವರೂ ಹಾಕುತ್ತಾರೆ. ಸಾಲವನ್ನು ಸಾಲವೆಂದು ಬರೆದರೆ ದೋಷವಿಲ್ಲ. ದಾನಪತ್ರ ಬರೆದು ಕೊಟ್ಟು ಮರಳಿ ಪಡೆದರೆ ಬರೆದುದು ಕೂಟಲೇಖವೇ. ಬಸದಿಯ ಟ್ರಸ್ಟಿನ ಕಾಗದದ ಮೇಲೆ ನಡತೆಯ ಪ್ರಮಾಣಪತ್ರವನ್ನೂ, ಐದು ವರ್ಷ ನಮ್ಮ ಭಂಡಾರದ ಲೆಕ್ಕ ನೋಡಿದ್ದಾನೆಂಬ ಅನುಭವಪತ್ರವನ್ನೂ ಕೇಳಿ ಬರುವವರಿದ್ದಾರೆ. ಎಲ್ಲರೂ ಹೀಗೆಯೇ ಮಾಡುತ್ತಾರೆ, ಬರೆಯಿಸಿಕೊಂಡು ಬನ್ನಿ ಎಂದು ಮಧ್ಯವರ್ತಿ ಹೇಳಿರುತ್ತಾನೆ. ಮತ್ತೊಬ್ಬರ ಪ್ರೇರಣೆಗೆ ಒಳಗಾಗಿ ಎಂದು ಪೂಜ್ಯಪಾದರು ಸೇರಿಸಿದ್ದು ಇದಕ್ಕಾಗಿಯೇ ಇರಬೇಕು. ಪ್ರೇರಿಸಿದವನಿದ್ದಾನೆಂಬುದರಿಂದ ಬರೆದವನ ಅತಿಚಾರ ತಪ್ಪುವುದಿಲ್ಲ. ಹುಡುಗನು ನಿಜವಾಗಿ ಲೆಕ್ಕ ನೋಡಿದ್ದರೆ ಸಂತೋಷದಿಂದ ಬರೆದುಕೊಡಬಹುದು. ಪತ್ರದ ಪ್ರತಿಯನ್ನು ಕಡತದಲ್ಲಿಟ್ಟು, ಯಾರು ಯಾವ ತಾರೀಖಿಗೆ ಕೊಟ್ಟರೆಂದು ನಡಾವಳಿ ಪುಸ್ತಕದಲ್ಲಿ ನಮೂದಿಸುವುದು ಟ್ರಸ್ಟಿಗೂ ಕ್ಷೇಮ.

ಕುಟುಂಬದ ನಾಲ್ವರು ವಯಸ್ಕರು ತಮ್ಮ ತಮ್ಮ ಮಿತಿಯಂತೆ ಕಳುಹಿಸಿದರೆ ವರ್ಷಕ್ಕೆ ಹತ್ತು ಲಕ್ಷ ಡಾಲರು ನ್ಯಾಯಮಾರ್ಗದಲ್ಲಿಯೇ ಹೊರಡಬಲ್ಲದು. ಆಗ ಅಮೆರಿಕದ ಅಧಿಕಾರಿಯು ನಾಲ್ವರ ಹಣದ ಮೂಲವನ್ನೂ ಬೇರೆ ಬೇರೆಯಾಗಿ ಕೇಳಬಹುದು. ಅರ್ಜಿದಾರನ ಏಳು ವರ್ಷಗಳ ತೆರಿಗೆ ವಿವರ, ತಂದೆ ಕೊಟ್ಟ ಹಣವಾದರೆ ತಂದೆಯ ಲೆಕ್ಕ, ಅಡಕೆ ತೋಟ ಮಾರಿದ ಹಣವಾದರೆ ಕ್ರಯಪತ್ರ, ತೋಟ ಅಜ್ಜನಿಂದ ಬಂದುದಾದರೆ ವಿಭಾಗಪತ್ರ. ನಮ್ಮ ಮನೆಗಳಲ್ಲಿ ಇವೆಲ್ಲ ಕನ್ನಡದಲ್ಲಿವೆ, ಹಳೆಯವು ಮೋಡಿಯಲ್ಲಿಯೂ ಇರುವುದುಂಟು. ಅವನ್ನೆಲ್ಲ ಬಲ್ಲವರಿಂದ ಓದಿಸಿ, ಇಂಗ್ಲಿಷಿಗೆ ಅನುವಾದಿಸಿ, ಅನುವಾದವು ಪೂರ್ಣವೂ ಯಥಾರ್ಥವೂ ಆಗಿದೆಯೆಂದು ಅನುವಾದಕನ ಪ್ರಮಾಣದೊಡನೆ ಲಗತ್ತಿಸಬೇಕು. ಈ ಕೆಲಸಕ್ಕೆ ಹಲವು ತಿಂಗಳುಗಳೇ ಹಿಡಿಯುವುದರಿಂದ, ಹೊರಡಬೇಕೆಂಬವರು ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳನ್ನು ಈಗಲೇ ತೆಗೆದು ನೋಡುವುದು ಒಳ್ಳೆಯದು.